ಮುಂಬಯಿಯಲ್ಲಿ ಸೂಜಿಮೆಣಸು ಬೆಳೆಯೋದಿಲ್ವಂತೆ!

"ಇಲ್ಲಿ ಸೂಜಿಮೆಣಸು ಬೆಳೆಯೋದಿಲ್ಲ ಮಾರಾಯ್ರೆ, ಅದಕ್ಕೆ ಊರಿನ ಮಣ್ಣೇ ಆಗ್ಬೇಕು, ಊರಿನ ನೀರೇ ಆಗ್ಬೇಕು..."

ಈ ಡೈಲಾಗನ್ನ ನಾನು 1983ರಲ್ಲಿ ಮುಂಬಯಿಗೆ ಬಂದಾಗಿನಿಂದ ಕೇಳ್ತಾ ಇದ್ದೀನಿ. ಮಾಟುಂಗಾದ ಊಟದ ಪಂಕ್ತಿಯಲ್ಲಿ ಕೇಳಿದ್ದೀನಿ, ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ನೇತಾಡ್ಕೊಂಡು ಕೇಳಿದ್ದೀನಿ, ಮೀರಾರೋಡಿನಲ್ಲಿ ಸತ್ಯನಾರಾಯಣ ಪೂಜೆಯ ಪ್ರಸಾದ ತಿಂತಾ ಕೇಳಿದ್ದೀನಿ. ಹೇಳೋರ ಮುಖದಲ್ಲಿ ಒಂದು ಥರದ ಹೆಮ್ಮೆ ಇರುತ್ತೆ ನೋಡಿ, ಏನೋ ದೊಡ್ಡ ವೇದಾಂತ ಹೇಳಿದ ಹಾಗೆ. ತಮಾಷೆ ಅಂದ್ರೆ ಇವರಲ್ಲಿ ಹೆಚ್ಚಿನವರು ಇಲ್ಲಿ ಒಂದೇ ಒಂದು ಬೀಜವನ್ನೂ ಮಣ್ಣಿಗೆ ಹಾಕಿ ನೋಡಿದವರಲ್ಲ. ಇನ್ನು ಕೆಲವರು ಹಾಕಿದ್ದಾರೆ, ಯಾವಾಗ? ಜೂನ್ ತಿಂಗಳಲ್ಲಿ! ಊರಿಂದ ಮೇ ರಜೆ ಮುಗಿಸಿ ಬಂದ ಹುರುಪಿನಲ್ಲಿ, ಮಳೆ ಶುರುವಾದ ವಾರ, ತೂತಿಲ್ಲದ ಬಣ್ಣದ ಡಬ್ಬಿಯಲ್ಲಿ. ಜುಲೈಗೆ ಸಸಿ ಕೊಳೆತು ಹೋಗುತ್ತೆ. ಆಗಸ್ಟಿಗೆ ತೀರ್ಪು ತಯಾರು: "ಈ ಊರಿನ ಹವೆಗೆ ನಮ್ಮ ಮೆಣಸು ಆಗೋದಿಲ್ಲ."

ಕಳೆದ ವರ್ಷ ಒಂದು ಕನ್ನಡ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಗಳೊಬ್ಬರು ಮೈಕ್ ಹಿಡ್ಕೊಂಡು ಇದೇ ಮಾತು ಹೇಳಿದ್ರು. ನಮ್ಮ ಮಣ್ಣಿನ ಖಾರ ಬೇರೆ ಮಣ್ಣಿನಲ್ಲಿ ಹುಟ್ಟೋದಿಲ್ಲ ಅಂದ್ರು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನ ಮೊಣಕೈ ಹಿಡ್ಕೊಂಡು "ಸುಮ್ಮನೆ ಕೂತ್ಕೊಳ್ಳಿ" ಅಂದ್ಲು. ಅವತ್ತು ಸುಮ್ಮನೆ ಕೂತೆ. ಇವತ್ತು ಕೂರೋದಿಲ್ಲ.

ಮೊದಲು, ಬೇರೆ ಕಡೆಯವರಿಗಾಗಿ ಒಂದು ಮಾತು. ನಮ್ಮ ಹೊನ್ನಾವರ, ಕುಮಟಾ ಕಡೆ ಸೂಜಿಮೆಣಸು ಅಂತೀವಿ. ದಕ್ಷಿಣ ಕನ್ನಡದವರಿಗೆ ಗಾಂಧಾರಿ ಅಥವಾ ಜೀರಿಗೆ ಮೆಣಸು ಅಂದ್ರೆ ತಿಳಿಯುತ್ತೆ. ಕೇರಳದವರ ಕಾಂದಾರಿಯೂ ಇದೇ ಬಳಗ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇಲ್ಲ, ಕಾಯಿ ಆಕಾಶ ನೋಡ್ತಾ ನಿಂತಿರುತ್ತೆ, ಕಚ್ಚಿದರೆ ಕಿವಿಯಲ್ಲಿ ಹೊಗೆ. ಅಪ್ಪೆಹುಳಿಗೆ ಇದನ್ನ ಎರಡು ಜಜ್ಜಿ ಹಾಕಿದರೆ ಅದು ಅಪ್ಪೆಹುಳಿ. ಬೇರೆ ಮೆಣಸು ಹಾಕಿದರೆ ಮಾವಿನಕಾಯಿ ನೀರು, ಅಷ್ಟೇ.

ಈಗ ವಿಷಯಕ್ಕೆ ಬರೋಣ. "ನಮ್ಮ ಮಣ್ಣಿನ ಮೆಣಸು" ಅಂತೀರಲ್ಲ, ಇದು ಯಾವಾಗ ನಮ್ಮ ಮಣ್ಣಿನದಾಯ್ತು ಸ್ವಾಮಿ? ಮೆಣಸಿನಕಾಯಿಯ ತವರು ಮೆಕ್ಸಿಕೋ, ದಕ್ಷಿಣ ಅಮೆರಿಕ. ಪೋರ್ಚುಗೀಸರು 16ನೇ ಶತಮಾನದಲ್ಲಿ ಹಡಗಿನಲ್ಲಿ ಹಾಕ್ಕೊಂಡು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದಕ್ಕೂ ಮೊದಲು ನಮ್ಮ ಅಡುಗೆಯಲ್ಲಿ ಖಾರ ಅಂದ್ರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಆಗ ಬರೀ "ಮೆಣಸು" ಅಂದ್ರೆ ಕಾಳುಮೆಣಸೇ. ಹಡಗಿನಲ್ಲಿ ಬಂದವನು ಎಷ್ಟು ಜೋರು ನೋಡಿ... ಮನೆಯವನ ಹೆಸರನ್ನೇ ಕಿತ್ಕೊಂಡ. ಮನೆಯವನು ಕೊನೆಗೆ "ಕಾಳು", "ಕರಿ" ಅಂತ ಹೆಸರಿನ ಹಿಂದೆ ಬಾಲ ಕಟ್ಕೊಂಡು ಓಡಾಡಬೇಕಾಯ್ತು! ಕೊಡಗಿನವರು ಮಾತ್ರ ಪ್ರಾಮಾಣಿಕರು. ತಮ್ಮ ಪುಟ್ಟ ಖಾರದ ಮೆಣಸಿಗೆ ಇವತ್ತಿಗೂ "ಪರಂಗಿ ಮಾಲು" ಅಂತಾನೇ ಕರೀತಾರೆ. ಪರಂಗಿಯವರ ಮೆಣಸು ಅಂತ. ಐನೂರು ವರ್ಷ ಆದ್ರೂ ಅದರ ಪಾಸ್‌ಪೋರ್ಟು ಅವರು ಮರೆತಿಲ್ಲ. ಪುರಂದರದಾಸರ ಹೆಸರಿನ ಕೀರ್ತನೆಯೊಂದರಲ್ಲೇ ಮೆಣಸಿನಕಾಯಿ ಬಂದುಬಿಟ್ಟಿದೆ ಅಂತ ಆಹಾರದ ಇತಿಹಾಸ ಬರೆದ ಕೆ.ಟಿ. ಅಚಯ ಹೇಳ್ತಾರೆ. ಅಂದ್ರೆ ಬಂದ ಸ್ವಲ್ಪ ಸಮಯದಲ್ಲೇ ದಾಸರ ಬಾಯಿಗೆ ಬೀಳುವಷ್ಟು ಹೊಂದಿಕೊಂಡಿತ್ತು ಅಂತಾಯ್ತು. ಅಟ್ಲಾಂಟಿಕ್ ದಾಟಿ ಬಂದು ಹೊನ್ನಾವರದ ಬಚ್ಚಲ ಹಿಂದೆ ಬೇರು ಬಿಟ್ಟ ಗಿಡಕ್ಕೆ ಹೊನ್ನಾವರದಿಂದ ಡೊಂಬಿವಲಿಗೆ ಬರೋದು ಕಷ್ಟ ಆಗುತ್ತಾ? ಕೊಂಕಣ ರೈಲಿನಲ್ಲಿ ಒಂದು ರಾತ್ರಿಯ ದಾರಿ!

"ಹವೆ ಆಗೋದಿಲ್ಲ" ಅನ್ನೋರಿಗೆ ನಾನು ನನ್ನ ತಂಗಿ ಮಗನ ಕಥೆ ಹೇಳ್ತೀನಿ. ಅವನಿರೋದು ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. ಅಲ್ಲಿ ಜುಲೈ ತಿಂಗಳ ಮಧ್ಯಾಹ್ನ ಸರಾಸರಿ 19 ಡಿಗ್ರಿ ಆದ್ರೆ ಅದೇ ಕಡು ಬೇಸಿಗೆ. ಡಿಸೆಂಬರಿನಲ್ಲಿ ಹಗಲು ಅಂದ್ರೆ ಏಳು ಗಂಟೆ, ಅದರಲ್ಲೂ ಬಿಸಿಲು ಕಂಡ್ರೆ ಪುಣ್ಯ. ಅಲ್ಲಿ ಆ ಹುಡುಗ ಮೆಣಸು ಬೆಳೀತಾನೆ. ಅದೂ ಕ್ಯಾಪ್ಸಿಕಂ ಅಲ್ಲ, ನಮ್ಮ ಸೂಜಿಮೆಣಸಿನ ಜಾತಿಯದ್ದೇ. ಅಲ್ಲಿಯ ತಮಿಳರ ಅಂಗಡಿಯಲ್ಲಿ ಕೊಂಡ ಹಸಿ ಮೆಣಸಿನ ಪೊಟ್ಟಣದಲ್ಲಿ ನಾಲ್ಕು ಕೆಂಪಾದ ಹಣ್ಣು ಸಿಕ್ಕಿತಂತೆ, ಅದರ ಬೀಜ.

"ಎಂತಾ ಮಾಡ್ತ್ಯೋ ತಮಾ ಆ ಚಳಿಯಲ್ಲಿ?" ಅಂತ ಕೇಳಿದೆ.

"ಮಾವಾ, ಮೆಣಸಿಗೆ ಚಳಿ ಗೊತ್ತೇ ಆಗದ ಹಾಗೆ ಮಾಡೋದು" ಅಂದ.

ಹೇಗೆ ಅಂತ ಕೇಳಿ. ಜನವರಿ ಕೊನೆಗೇ ಬೀಜ ಹಾಕ್ತಾನೆ. ಹೊರಗೆ ಹಿಮ ಬೀಳ್ತಾ ಇರುತ್ತೆ. ಮೆಣಸಿನ ಬೀಜ ಮೊಳೆಯೋಕೆ ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ರೆ ಚಂದ. 15ಕ್ಕಿಂತ ಕೆಳಗೆ ಇಳಿದ್ರೆ ಅದು ಮಲಗೇ ಇರುತ್ತೆ. ಅದಕ್ಕೆ ಟ್ರೇ ಅಡಿಯಲ್ಲಿ ಬಿಸಿ ಮಾಡೋ ಒಂದು ವಿದ್ಯುತ್ ಚಾಪೆ. ಮೊಳಕೆ ಬಂದ ಕೂಡಲೇ ಮೇಲೆ ಎಲ್‌ಇಡಿ ದೀಪ, ದಿನಕ್ಕೆ ಹದಿನಾಲ್ಕು ಗಂಟೆ. ಬೆಳಕು ಕಮ್ಮಿಯಾದ್ರೆ ಸಸಿ ಕೊಕ್ಕರೆ ಕತ್ತಿನ ಹಾಗೆ ಉದ್ದಕ್ಕೆ ಎಳ್ಕೊಂಡು ಬಿದ್ದುಹೋಗುತ್ತೆ. ಸಣ್ಣ ಕಪ್ಪಿನಿಂದ ದೊಡ್ಡ ಕುಂಡಕ್ಕೆ ಎರಡು ಸಲ ಬದಲಾಯಿಸ್ತಾನೆ. ಮೇ ತಿಂಗಳು ಮುಗಿದು ಇನ್ನು ಇಬ್ಬನಿ ಹೆಪ್ಪುಗಟ್ಟೋದಿಲ್ಲ ಅಂತ ಖಾತ್ರಿಯಾದ ಮೇಲೆ ದಕ್ಷಿಣದ ಕಿಟಕಿಗೆ ಇಡ್ತಾನೆ. ಮನೆಯೊಳಗೆ ಗಾಳಿಯಿಲ್ಲ, ಜೇನಿಲ್ಲ. ಹೂವು ತನ್ನ ಪರಾಗ ತಾನೇ ಉದುರಿಸಿಕೊಳ್ಳೋಕೂ ಒಂದು ಅಲುಗಾಟ ಬೇಕಲ್ಲ? ಎಲೆಕ್ಟ್ರಿಕ್ ಟೂತ್‌ಬ್ರಷ್ ಆನ್ ಮಾಡಿ ಹೂವಿನ ತೊಟ್ಟಿಗೆ ಮುಟ್ಟಿಸ್ತಾನೆ! ಮೊದಲ ಸಲ ವೀಡಿಯೋ ಕಾಲಿನಲ್ಲಿ ನೋಡಿದಾಗ ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಸರಿಯಾಗಿಯೇ ಇದೆ, ಅಲ್ಲಿ ಎಲ್ಲರೂ ಹಾಗೇ ಮಾಡ್ತಾರಂತೆ.

ಇನ್ನೊಂದು ಉಪಾಯ ಇದೆ, ಅದೇ ಮುಖ್ಯ. ಮೆಣಸಿನ ಗಿಡವನ್ನ ನಾವು ಒಂದು ಬೆಳೆಯ ಗಿಡ ಅಂದ್ಕೊಂಡಿದ್ದೀವಿ. ಅಲ್ಲ. ಅದು ವರ್ಷಗಟ್ಟಲೆ ಬದುಕೋ ಪೊದೆ, ಸೂಜಿಮೆಣಸಂತೂ ನಾಲ್ಕೈದು ವರ್ಷ ಆರಾಮಾಗಿ ಇರುತ್ತೆ. ಅದರ ಜಾತಿ ನಿಧಾನ. ಸ್ಕಾಟ್‌ಲೆಂಡಿನ ಒಂದು ಬೇಸಿಗೆ ಅದಕ್ಕೆ ಸಾಲೋದೇ ಇಲ್ಲ, ಹೂ ಬಿಡೋ ಹೊತ್ತಿಗೆ ಚಳಿ ಬಂದಿರುತ್ತೆ. ಹಾಗಾಗಿ ಅಕ್ಟೋಬರಿನಲ್ಲಿ ಗಿಡವನ್ನ ಗೇಣುದ್ದಕ್ಕೆ ಕತ್ತರಿಸಿ, ಎಲೆ ತೆಗೆದು, ಮನೆಯೊಳಗೆ ತಂಪಾದ ಒಂದು ಮೂಲೆಯಲ್ಲಿ ಇಡ್ತಾನೆ. ಮೂರು ವಾರಕ್ಕೊಮ್ಮೆ ಒಂದು ಲೋಟ ನೀರು. ಮಾರ್ಚಿನಲ್ಲಿ ಅದೇ ಬುಡದಿಂದ ಚಿಗುರು. ಎರಡನೇ ವರ್ಷ ಜುಲೈಗೇ ಕಾಯಿ. ನೂರಕ್ಕೂ ಹೆಚ್ಚು ಎಣಿಸಿದ್ನಂತೆ.

ಇವನೊಬ್ಬನೇ ಅಲ್ಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೈಕೆಲ್ ಮತ್ತು ಜಾಯ್ ಮಿಶೋ ಅನ್ನೋ ದಂಪತಿ ಮೆಣಸು ಬೆಳೀತಾರೆ. ಅವರು ಬೋರ್ನ್‌ಮತ್ ಊರಿನ ಒಂದು ಅಂಗಡಿಯಲ್ಲಿ ಬಾಂಗ್ಲಾದೇಶದವರು ತಿನ್ನೋ ನಾಗಾ ಮೆಣಸು ಕಂಡು, ಅದರಿಂದ 2001ರ ಹೊತ್ತಿಗೆ ಆಯ್ಕೆ ಮಾಡ್ತಾ ಹೋಗಿ, "ಡಾರ್ಸೆಟ್ ನಾಗಾ" ಅನ್ನೋ ತಳಿಯನ್ನೇ ಮಾಡಿದ್ರು. ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಮನೆಯೊಳಗೆ. ಪರೀಕ್ಷೆ ಮಾಡಿಸಿದಾಗ 9 ಲಕ್ಷ ಸ್ಕೋವಿಲ್ ದಾಟಿತು. ಸೂಜಿಮೆಣಸಿನ ಜಾತಿಗೆ ಸಾಧಾರಣವಾಗಿ ಹೇಳೋದು 50 ಸಾವಿರದಿಂದ 1 ಲಕ್ಷ, ಲೆಕ್ಕ ಹಾಕ್ಕೊಳ್ಳಿ. 2011ರಲ್ಲಿ ಕೆಲವು ಕಾಲ ಜಗತ್ತಿನ ಅತಿ ಖಾರದ ಮೆಣಸು ಅನ್ನೋ ಗಿನ್ನೆಸ್ ದಾಖಲೆ ಇದ್ದದ್ದು "ನಾಗಾ ವೈಪರ್" ಹೆಸರಿನಲ್ಲಿ. ಬೆಳೆದ ಜಾಗ ಇಂಗ್ಲೆಂಡಿನ ಉತ್ತರದ ಕಂಬ್ರಿಯಾ. ಮಳೆ, ಮೋಡ, ಕುರಿ ಬಿಟ್ರೆ ಬೇರೇನಿಲ್ಲ ಅಂತ ಹೆಸರಾದ ಜಿಲ್ಲೆ! ಮತ್ತೆ ಹಂಗೇರಿಯವರು... ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟೋ ದೇಶ. ಪಾಪ್ರಿಕಾ ಅವರ ರಾಷ್ಟ್ರೀಯ ಪುಡಿ ಅಂದ್ರೂ ತಪ್ಪಿಲ್ಲ. ಸೆಗೆಡ್ ಊರಿನಲ್ಲಿ ಸೆಂಟ್-ಜ್ಯೋರ್ಜಿ ಅನ್ನೋ ವಿಜ್ಞಾನಿ ಅದೇ ಪಾಪ್ರಿಕಾ ಮೆಣಸಿನಿಂದ ರಾಶಿಗಟ್ಟಲೆ ವಿಟಮಿನ್ ಸಿ ತೆಗೆದ, 1937ರಲ್ಲಿ ನೊಬೆಲ್ ತಗೊಂಡ.

ಇವರ್ಯಾರೂ "ಇದು ನಮ್ಮ ಮಣ್ಣಿನದಲ್ಲ" ಅಂತ ಕೈ ಕಟ್ಟಿ ಕೂರಲಿಲ್ಲ. ಅವರಿಗೆ ಇಲ್ಲದ್ದು ಬಿಸಿ. ಕರೆಂಟ್ ಬಿಲ್ ಕಟ್ಟಿ ಬಿಸಿ ಮಾಡ್ಕೊಂಡ್ರು. ನಮಗೆ ಮುಂಬಯಿಯಲ್ಲಿ ಬಿಸಿ ಪುಕ್ಕಟೆ, ಬೆವರು ಬೋನಸ್. ನಮಗೆ ಇಲ್ಲದ್ದು ಬೇರೆ ಎರಡು: ಬೆಳಕು, ಮತ್ತು ಮಳೆಗಾಲದಲ್ಲಿ ಒಣಗಿದ ಬೇರು. ಯಾವುದು ಕೊರತೆಯೋ ಅದನ್ನ ತುಂಬಿಸಬೇಕು ಅನ್ನೋದು ಎಡಿನ್‌ಬರೋದ ಹುಡುಗನಿಗೆ ಗೊತ್ತಾಯ್ತು, ನಲವತ್ತು ವರ್ಷದಿಂದ ಇಲ್ಲಿರೋ ನಮ್ಮವರಿಗೆ ಗೊತ್ತಾಗಿಲ್ಲ.

ಮುಂಬಯಿಯ ಲೆಕ್ಕ ಹೀಗಿದೆ. ಮೆಣಸಿನ ಹೂ ಕಾಯಿ ಕಟ್ಟೋಕೆ ರಾತ್ರಿ 16ರಿಂದ 21 ಡಿಗ್ರಿ ಇದ್ದರೆ ಬಹಳ ಇಷ್ಟ. ಮೇ ತಿಂಗಳಲ್ಲಿ ಇಲ್ಲಿ ರಾತ್ರಿಯೂ 27ರ ಮೇಲೆ. ಹೂ ಬಿಡುತ್ತೆ, ಉದುರುತ್ತೆ. ನೋಡಿದವರು "ಗಿಡ ಸೊಕ್ಕಿದೆ, ಕಾಯಿ ಇಲ್ಲ" ಅಂತಾರೆ. ಸೊಕ್ಕೂ ಇಲ್ಲ ಎಂಥದೂ ಇಲ್ಲ, ಸೆಖೆ! ಜೂನ್ 11ರ ಸುಮಾರಿಗೆ ಮಳೆ, ಅಕ್ಟೋಬರ್ 8ರ ಸುಮಾರಿಗೆ ಅದು ವಾಪಸ್ಸು ಅಂತ ಹವಾಮಾನ ಇಲಾಖೆಯ ಈಗಿನ ಲೆಕ್ಕ. ಆ ನಾಲ್ಕು ತಿಂಗಳು ಕುಂಡದಲ್ಲಿ ನೀರು ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತೆ, ಕಾಯಿ ಇದ್ರೆ ಕಪ್ಪು ಚುಕ್ಕೆ ಬಿದ್ದು ಕೊಳೆಯುತ್ತೆ. ಹಾಗಾದ್ರೆ ಉಳಿದದ್ದು? ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ. ಲೋಕಲ್ಲಿನಲ್ಲಿ ಜನ ಮಫ್ಲರ್ ಸುತ್ಕೊಂಡು "ಥಂಡಿ ಆಹೇ" ಅನ್ನೋ ಆ ಮೂರು ತಿಂಗಳು :-) ಸಾಂತಾಕ್ರೂಜ್ ಕಡೆ ಜನವರಿ ರಾತ್ರಿ 16-17ಕ್ಕೆ ಇಳಿಯುತ್ತೆ, ಮಳೆ ಇಲ್ಲ, ಹಗಲು ಬಿಸಿಲು. ಮೆಣಸಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಾ? ಚಳಿ ಅದರ ಶತ್ರು ಅಂತಾರೆ, ಮುಂಬಯಿಯ ಈ ಚೂರು ಚಳಿಯೇ ಇಲ್ಲಿ ಅದರ ಹಬ್ಬ.

ಆದ್ದರಿಂದ ಬೀಜ ಹಾಕೋದು ಜೂನಿನಲ್ಲಿ ಅಲ್ಲ, ಚೌತಿಯ ಹೊತ್ತಿಗೆ. ಗಣಪತಿ ಕೂರಿಸೋ ದಿನ ಅಂತ ನೆನಪಿಟ್ಕೊಳ್ಳಿ. ಮಳೆ ಎರಚಲು ಬೀಳದ ಅಡುಗೆಮನೆ ಕಿಟಕಿಯಲ್ಲಿ, ಅಂಗೈಯಷ್ಟು ಕಪ್ಪಿನಲ್ಲಿ. ಸೂಜಿಮೆಣಸು ಮೊಳೆಯೋಕೆ ಎರಡು ವಾರ, ಕೆಲವೊಮ್ಮೆ ನಾಲ್ಕು ವಾರವೂ ಆಗುತ್ತೆ, ತಾಳ್ಮೆ ಕಳ್ಕೊಂಡು ಕೆದಕಬೇಡಿ. ದಸರೆ-ದೀಪಾವಳಿ ನಡುವೆ ಮಳೆ ನಿಂತ ಮೇಲೆ ಹತ್ತು-ಹನ್ನೆರಡು ಇಂಚಿನ ಕುಂಡಕ್ಕೆ. ನರ್ಸರಿಯಲ್ಲಿ ಸಿಗೋ ಬರೀ ಕೆಂಪು ಮಣ್ಣು ಹಾಕಬೇಡಿ, ಕುಂಡದಲ್ಲಿ ಅದು ಇಟ್ಟಿಗೆ ಆಗುತ್ತೆ. ಅರ್ಧ ಮಣ್ಣು, ಉಳಿದರ್ಧ ಹಳೇ ಗೊಬ್ಬರ, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು. ಕೆಳಗೆ ತೂತು ಇರಲೇಬೇಕು.

ಬೆಳಕಿಗೆ ಬಂದ್ರೆ, ಇದನ್ನ ಯಾರೂ ಯೋಚಿಸೋದೇ ಇಲ್ಲ. ಮುಂಬಯಿ ಇರೋದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಚೂರು ಉತ್ತರಕ್ಕೇ ಇರ್ತಾನೆ. ಆದರೆ ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಎಷ್ಟು ವಾಲಿರ್ತಾನೆ ಅಂದ್ರೆ ಮಧ್ಯಾಹ್ನ ಕೂಡ ಅರ್ಧ ಆಕಾಶಕ್ಕಷ್ಟೇ ಏರ್ತಾನೆ. ಅಂದ್ರೆ ದಕ್ಷಿಣದ ಗ್ರಿಲ್ ಇರೋರಿಗೆ ಮೆಣಸಿನ ಸೀಸನ್ನಿನಲ್ಲೇ ಬಿಸಿಲು ಮನೆಯೊಳಗೆ ಬರುತ್ತೆ. ಬೇಸಿಗೆಯಲ್ಲಿ ಆ ಗ್ರಿಲ್ಲಿಗೆ ಬಿಸಿಲು ಬರಲ್ಲ ಅಂತ ಬೇಸರ ಮಾಡ್ಕೊಂಡಿದ್ದವರೇ, ಅದೇ ನಿಮಗೆ ಬೇಕಾದ ಗ್ರಿಲ್ಲು! ಪೂರ್ವದ ಬಾಲ್ಕನಿಯೂ ನಡೆಯುತ್ತೆ. ಉತ್ತರದ್ದು ಮಾತ್ರ ಇದ್ದವರು ತಂಗಿ ಮಗನ ಹಾಗೆ ದೀಪ ಕೊಳ್ಳಬೇಕು, ಅಥವಾ ದೊಡ್ಡಪತ್ರೆ ಬೆಳೆಸ್ಕೊಂಡು ತಂಬುಳಿ ಮಾಡ್ಕೊಂಡು ಸುಖವಾಗಿರಬೇಕು.

ಎಲೆ ಮುಟುರು ರೋಗ ಬರುತ್ತೆ, ಅದೊಂದು ನಿಜವಾದ ತಲೆನೋವು. ಥ್ರಿಪ್ಸ್ ಮತ್ತು ನುಸಿ ಎಲೆಯ ರಸ ಹೀರಿ ದೋಣಿಯ ಹಾಗೆ ಮಡಚಿಬಿಡ್ತಾವೆ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಎರಡು ಹನಿ ಸಾಬೂನು, ಸಂಜೆ ಹೊತ್ತು ಎಲೆಯ ಅಡಿಗೆ. ಹುಳಿ ಮಜ್ಜಿಗೆ ಹೊಡೆಯೋರಿದ್ದಾರೆ. ನನಗೆ ಆ ಮಜ್ಜಿಗೆ ಅನ್ನಕ್ಕೆ ಬೇಕು.

"ಬೆಳೆದ್ರೂ ಊರಿನ ಖಾರ ಬರಲ್ಲ ಬಿಡಿ" ಅಂತ ಇನ್ನೊಂದು ವಾದ ಇದೆ, ಮೊದಲ ವಾದ ಸೋತ ಕೂಡಲೇ ಜೇಬಿನಿಂದ ಹೊರಬರೋದು ಇದೇ. ಖಾರ ಅಂದ್ರೆ ಕ್ಯಾಪ್ಸೈಸಿನ್ ಅನ್ನೋ ವಸ್ತು. ಅದು ಇರೋದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರೋ ಒಳಗಿನ ಬಿಳಿ ತಿರುಳಿನಲ್ಲಿ. ಎಷ್ಟು ಖಾರ ಅನ್ನೋದನ್ನ ಮೊದಲು ನಿರ್ಧರಿಸೋದು ತಳಿ, ಆಮೇಲೆ ಗಿಡ ಪಡುವ ಕಷ್ಟ. ಕಾಯಿ ಕಟ್ಟಿದ ಮೇಲೆ ಎಲೆ ಸ್ವಲ್ಪ ಬಾಡೋವರೆಗೂ ನೀರು ಕೊಡದೆ ಕಾದ್ರೆ ಖಾರ ಏರುತ್ತೆ. ಕುಂಡದಲ್ಲಿ ಈ ಕಷ್ಟ ಕೊಡೋದು ಹಿತ್ತಲಿಗಿಂತ ಸುಲಭ. ನನ್ನ ಗಿಡದ ಮೆಣಸು ತಿಂದ ನಮ್ಮ ಭಾವನವರು, ಅಪ್ಪಟ ಊರಿನವರು, ಎರಡು ಲೋಟ ಮಜ್ಜಿಗೆ ಕೇಳಿದ್ರು. ಊರಿನ ಖಾರ ಬಂದಿಲ್ಲ ಅಂತ ಅವರೇನೂ ಹೇಳಲಿಲ್ಲ, ಹೇಳೋ ಸ್ಥಿತಿಯಲ್ಲಿ ಇರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ತೀನಿ. ಬ್ಯಾಡಗಿ ಮೆಣಸನ್ನ ಬಾಲ್ಕನಿಯಲ್ಲಿ ಬೆಳೆಯೋಕೆ ಹೋಗಬೇಡಿ. ಅದು 2011ರಲ್ಲಿ ಭೌಗೋಳಿಕ ಸೂಚಕ ಪಡೆದ ತಳಿ, ಅದರ ಸಾರ ಇರೋದು ಖಾರದಲ್ಲಿ ಅಲ್ಲ, ಬಣ್ಣದಲ್ಲಿ. ಆ ಸುಕ್ಕಿಗೆ, ಆ ಕೆಂಪಿಗೆ ಹಾವೇರಿ-ಧಾರವಾಡ ಕಡೆಯ ಕಪ್ಪು ನೆಲವೂ ಒಣ ಬಿಸಿಲೂ ಬೇಕು. ಮೇಲಾಗಿ ಲೆಕ್ಕ ನೋಡಿ, ಒಂದು ಕಿಲೋ ಒಣಮೆಣಸಿಗೆ ನಾಲ್ಕೈದು ಕಿಲೋ ಹಣ್ಣು ಬೇಕು. ವರ್ಷದ ಸಾರಿನ ಪುಡಿಗೆ ನೀವು ಇಡೀ ಸೊಸೈಟಿಯ ಗ್ರಿಲ್ ಬಾಡಿಗೆಗೆ ತಗೋಬೇಕಾದೀತು. ಅದಕ್ಕೆ ಲಾಲ್‌ಬಾಗಿನ ಮಿರ್ಚಿ ಗಲ್ಲಿ ಇದೆ. ಮಾರ್ಚ್-ಏಪ್ರಿಲಿನಲ್ಲಿ ಸೀನ್ಕೊಂಡು ಹೋಗಿ, ಬ್ಯಾಡಗಿ, ಸಂಕೇಶ್ವರಿ ಆರಿಸ್ಕೊಂಡು, ಅಲ್ಲೇ ಡಂಕಿನಲ್ಲಿ ಕುಟ್ಟಿಸ್ಕೊಂಡು ಬನ್ನಿ. ಊರಿಂದ ತರಿಸೋ "ನಮ್ಮ ಊರಿನ ಬ್ಯಾಡಗಿ" ಎಷ್ಟೋ ಸಲ ಅದೇ ಮಾರುಕಟ್ಟೆಯ ಮೂಟೆ. ಬ್ಯಾಡಗಿಯ ಮಾರುಕಟ್ಟೆಗೇ ಬಳ್ಳಾರಿ, ರಾಯಚೂರು, ಆಂಧ್ರದಿಂದ ಲೋಡುಗಟ್ಟಲೆ ಮೆಣಸು ಬರುತ್ತೆ. ನನ್ನ ಜಗಳ ಸೂಜಿಮೆಣಸಿನ ಬಗ್ಗೆ, ಅಂಗಡಿಯಲ್ಲಿ ಸಿಗದೇ ಇರೋದರ ಬಗ್ಗೆ.

ಇನ್ನು ಸೊಸೈಟಿಯ ಮಹನೀಯರು. ನಮ್ಮ ಹಳೇ ಕಟ್ಟಡದಲ್ಲಿ ಗ್ರಿಲ್ ಇತ್ತು, ಯಾರೂ ಕೇಳ್ತಿರಲಿಲ್ಲ. ಈಗ ಎದುರಿಗೆ ರೀಡೆವಲಪ್‌ಮೆಂಟಿನಲ್ಲಿ ಇಪ್ಪತ್ತನಾಲ್ಕು ಮಹಡಿ ಎದ್ದು ಮಧ್ಯಾಹ್ನದ ಬಿಸಿಲು ಅರ್ಧ ತಿಂದಿದೆ. ನಾಲ್ಕು ಕುಂಡ ಟೆರೇಸಿಗೆ ಒಯ್ತೀನಿ ಅಂದ್ರೆ ಸೆಕ್ರೆಟರಿ ನೋಟೀಸ್ ಹಚ್ಚಿದ್ರು. ಕುಂಡದ ನೀರಿನಿಂದ ಸ್ಲ್ಯಾಬ್ ಸೋರುತ್ತಂತೆ. ಅದೇ ಟೆರೇಸಿನಲ್ಲಿ ಡಿಶ್ ಆಂಟೆನಾಗಳ ಮುರುಕು, ಹಳೇ ಕಮೋಡು, ಯಾರದ್ದೋ ಸೋಫಾ ನಾಲ್ಕು ಮಳೆಗಾಲ ನೆನೆದಿವೆ. ಅವುಗಳಿಂದ ಸ್ಲ್ಯಾಬ್ ಸೋರೋದಿಲ್ಲ! ಹೊಸ ಟವರುಗಳಲ್ಲಿ ಇನ್ನೂ ಚಂದ. ಹೊರಗಿನ ನೋಟ ಕೆಡುತ್ತೆ ಅಂತ ಕುಂಡವೇ ನಿಷಿದ್ಧ. ಕಟ್ಟೆಯ ಮೇಲೆ ಕುಂಡ ಇಟ್ಟು ಅದು ಕೆಳಗೆ ಬಿದ್ದರೆ ಜೀವ ಹೋಗುತ್ತೆ, ಆ ಹೆದರಿಕೆ ನ್ಯಾಯವಾದದ್ದೇ. ಕಟ್ಟೆಯ ಮೇಲೆ ಇಡೋರಿಗೆ ದಂಡ ಹಾಕಿ, ನಾನೇ ರಸೀದಿ ಬರೀತೀನಿ. ಆದರೆ ಬಾಲ್ಕನಿಯ ಒಳಗೆ, ನೆಲದ ಮೇಲೆ, ತಟ್ಟೆಯಲ್ಲಿ ಕೂತಿರೋ ಗಿಡ ಯಾರ ತಲೆ ಮೇಲೆ ಬೀಳುತ್ತೆ? ನಮ್ಮವರು ಇಂಥ ನೋಟೀಸಿಗೆ ಒಂದು ಪತ್ರ ಬರೆಯೋದಿಲ್ಲ, ಜನರಲ್ ಬಾಡಿ ಮೀಟಿಂಗಿಗೆ ಹೋಗೋದಿಲ್ಲ. ಮನೆಯಲ್ಲಿ ಕೂತು "ಈ ಊರಿನಲ್ಲಿ ಏನೂ ಬೆಳೆಯಲ್ಲ" ಅಂತಾರೆ.

ಇಷ್ಟು ಕೂಗಾಡೋದು ಯಾಕೆ, ಎರಡು ಮೆಣಸಿಗೆ? ಊರಿಂದ ತರಿಸಿದ್ರೆ ಆಗಲ್ವಾ? ಅಂತ ಕೇಳಬಹುದು. ಅಲ್ಲೇ ಇರೋದು ವಿಷಯ. ಊರಿನಲ್ಲಿ ಅದು ಎಲ್ಲಿದೆ?

ನಮ್ಮ ಆಯಿ ಇರುವಾಗ ಬಚ್ಚಲ ನೀರು ಹರಿಯೋ ಕಡೆ ಐದಾರು ಗಿಡ ಇದ್ದೇ ಇರ್ತಿತ್ತು. ಯಾರೂ ನೆಟ್ಟದ್ದಲ್ಲ. ಹಕ್ಕಿಗಳಿಗೆ ಖಾರ ಹತ್ತೋದಿಲ್ಲ, ಪಿಕಳಾರ ಹಣ್ಣು ನುಂಗಿ ಎಲ್ಲಿ ಕೂರುತ್ತೋ ಅಲ್ಲಿ ಹೊಸ ಗಿಡ. ಆಯಿ ತೀರಿಕೊಂಡ ಮೇಲೆ ಬಚ್ಚಲು ಒಳಗೆ ಬಂತು, ಟೈಲ್ಸ್ ಆಯ್ತು. ಅಂಗಳಕ್ಕೆ ಇಂಟರ್‌ಲಾಕ್ ಹಾಕ್ಸಿದ್ರು, ಕಾರು ನಿಲ್ಲಿಸೋಕೆ. ಮೂರು ವರ್ಷದ ಹಿಂದೆ ಹೋದಾಗ ಅಪ್ಪೆಹುಳಿಗೆ ಅತ್ತಿಗೆ ಪೇಟೆಯ ಉದ್ದ ಹಸಿಮೆಣಸು ಹೆಚ್ಚಿ ಹಾಕಿದ್ರು. "ಸೂಜಿಮೆಣಸು ಇಲ್ವಾ ಅತ್ಗೇ?" ಅಂದೆ. "ಅದು ಈಗ ಎಲ್ಲಿ ಸಿಗ್ತು? ಹಿತ್ತಲೇ ಇಲ್ಲ" ಅಂದ್ರು. ಪಕ್ಕದ ಮೂರು ಮನೆ ಕೇಳಿ ಬಂದೆ. ಒಂದಕ್ಕೆ ಬೀಗ, ಮಕ್ಕಳು ಬೆಂಗಳೂರು. ಇನ್ನೊಂದರಲ್ಲಿ ಅಜ್ಜ ಅಜ್ಜಿ ಇಬ್ಬರೇ, ಹಿತ್ತಲಿಗೆ ಇಳಿಯೋಕೆ ಕಾಲಿಲ್ಲ. ಮೂರನೇ ಮನೆಯವರು ನನ್ನನ್ನೇ ಕೇಳಿದ್ರು, "ನಿಮ್ಮಲ್ಲಿ ಇದ್ರೆ ಒಂದ್ನಾಲ್ಕು ಬೀಜ ಕೊಡಿ" ಅಂತ.

ಮೆಣಸಿನ ಬೀಜ ಬಂಗಾರದ ಹಾಗೆ ಪೆಟ್ಟಿಗೆಯಲ್ಲಿ ಇಡೋ ವಸ್ತು ಅಲ್ಲ. ನಮ್ಮ ಕರಾವಳಿಯ ತೇವದಲ್ಲಿ ಎರಡು-ಮೂರು ವರ್ಷಕ್ಕೆ ಮೊಳೆಯೋ ಶಕ್ತಿ ಬಹುಪಾಲು ಹೋಗಿರುತ್ತೆ. ವರ್ಷಕ್ಕೆ ಒಬ್ಬರಾದ್ರೂ ಬಿತ್ತದೇ ಇದ್ರೆ ಆ ಮನೆಯ ತಳಿ ಮುಗೀತು. ಅಂಗಡಿಯ ಪೊಟ್ಟಣದಲ್ಲಿ ಸಿಗೋದು ಉದ್ದ ಹಸಿಮೆಣಸಿನ ಹೈಬ್ರಿಡ್, ಅದರ ಬೀಜ ತೆಗೆದು ಹಾಕಿದ್ರೆ ಮುಂದಿನ ಸಲ ಎಂಥದ್ದು ಬರುತ್ತೋ ದೇವರಿಗೇ ಗೊತ್ತು. "ಊರಿನ ಮಣ್ಣಿನಲ್ಲೇ ಆಗ್ಬೇಕು" ಅಂತ ಇಲ್ಲಿ ನಾವು ಕೈಬಿಟ್ವಿ, "ಪೇಟೆಯಲ್ಲಿ ಸಿಗುತ್ತಲ್ಲ" ಅಂತ ಅಲ್ಲಿ ಅವರು ಕೈಬಿಟ್ರು. ಚಪ್ಪಾಳೆ ತಟ್ಟಿಸ್ಕೊಂಡ ಆ ಭಾಷಣದ ನಿಜವಾದ ಬೆಲೆ ಇದು.

ನನ್ನ ಡೊಂಬಿವಲಿಯ ಗಿಡಗಳು ಆಯಿ ಇದ್ದಾಗ ತಂದ ಬೀಜದ ಸಂತಾನ. ಈಗಿನ ಗಿಡಕ್ಕೆ ಐದನೇ ವರ್ಷ, ಬುಡ ಹೆಬ್ಬೆರಳಿನ ಗಾತ್ರ ಆಗಿದೆ. ಮೇ ತಿಂಗಳಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಹಳೇ ಬಿಳಿ ಪಂಚೆಯ ನೆರಳು ಕಟ್ತೀನಿ, ಜೂನಿನಲ್ಲಿ ಛಜ್ಜಾದ ಕೆಳಗೆ ಗೋಡೆಗೆ ಒತ್ತಿಸಿ ಇಡ್ತೀನಿ, ನೀರು ವಾರಕ್ಕೊಮ್ಮೆ ಬೆರಳಿಟ್ಟು ನೋಡಿ. ಎಡಿನ್‌ಬರೋದವನು ಚಳಿಗಾಲ ದಾಟಿಸ್ತಾನೆ, ನಾನು ಮಳೆಗಾಲ ದಾಟಿಸ್ತೀನಿ, ಕೆಲಸ ಒಂದೇ. ಹೋದ ದೀಪಾವಳಿಗೆ ಊರಿಗೆ ಹೋಗುವಾಗ ಹದಿನೆಂಟು ಸಸಿ ಮತ್ತೆ ಒಂದು ಕಾಗದದ ಪೊಟ್ಟಣ ಬೀಜ ಒಯ್ದೆ. ರೈಲಿನಲ್ಲಿ ಸೈಡ್ ಲೋಯರ್ ಸೀಟಿನ ಕೆಳಗೆ ಹಣ್ಣಿನ ಬುಟ್ಟಿಯಲ್ಲಿ. ಟಿಸಿ ಬಗ್ಗಿ ನೋಡಿ "ಕಾಯ್ ಆಹೇ ಹೇ?" ಅಂದ. "ಮಿರ್ಚಿ" ಅಂದೆ. "ಗಾವಾಕಡೂನ್ ಮುಂಬಯೀಲಾ ನೇತಾತ್ ಲೋಕ, ತುಮ್ಹೀ ಉಲಟೇ?" ಅಂದ. ಊರಿಂದ ಮುಂಬಯಿಗೆ ತರೋದು ನೋಡಿದ್ದೆ, ನೀವೇನು ಉಲ್ಟಾ ಅಂತ. ಹದಿನೆಂಟರಲ್ಲಿ ಹನ್ನೊಂದು ಉಳಿದಿವೆ. ನಾಲ್ಕು ಅತ್ತಿಗೆಯ ಮನೆಯಲ್ಲಿ, ಇಂಟರ್‌ಲಾಕಿನ ಅಂಚಿನಲ್ಲಿ ಎರಡು ಕಲ್ಲು ಕೀಳಿಸಿ ನೆಟ್ಟದ್ದು. ಉಳಿದವು ಆ ಮೂರನೇ ಮನೆಯವರ ಹಿತ್ತಲಲ್ಲಿ.

ಈ ಚೌತಿಗೆ ನನ್ನ ಹತ್ರ ಇನ್ನೂರು ಬೀಜದ ಮೇಲೆ ಇರುತ್ತೆ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯವರು ಒಂದು ಖಾಲಿ ಲಕೋಟೆ ತಗೊಂಡು ಬಂದ್ರೆ ಹತ್ತತ್ತು ಕೊಡ್ತೀನಿ. ಕುಂಡದಲ್ಲಿ ತೂತು ಕೊರೆದು ಇಟ್ಟಿದ್ದೀರಾ ಅಂತ ಮೊದಲೇ ಕೇಳ್ತೀನಿ.